ಒಂದು ಲೋಟ ಚಹದ ಪಾಠ

ದಾಂಡೇಲಿಯ ಬಂಗೂರನಗರವು 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಯೊಡನೆ ಬೆಳೆದ ವಸತಿ. ಇಂತಹ ಊರಿನಲ್ಲಿ ದುಡಿದವರಿಗೆ ನಿವೃತ್ತಿ ಸಮೀಪಿಸಿದಂತೆ ಹಲವು ಚಿಂತೆಗಳು ಹುಟ್ಟುವುದು ಸಹಜವಷ್ಟೆ. ಆದರೆ ಮನೆಯಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾದ, ವಯಸ್ಸಿಗೆ ಬಂದ ಮಗನೋ ಮಗಳೋ ಇದ್ದರೆ ಉಳಿದೆಲ್ಲ ಚಿಂತೆಗಳೂ ಹಿಂದೆ ಸರಿದು ಒಂದೇ ಪ್ರಶ್ನೆ ಉಳಿಯುತ್ತದೆ: ನಮ್ಮ ತರುವಾಯ ಇವರ ಗತಿಯೇನು?

ಕಾನೂನು ಇದಕ್ಕೆ ಒಂದು ಉತ್ತರವನ್ನು ಕೊಟ್ಟಿದೆ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ, ಜಿಲ್ಲಾಧಿಕಾರಿಗಳನ್ನು ಒಳಗೊಂಡ ಸ್ಥಳೀಯ ಸಮಿತಿಯು ಇಂತಹ ವಯಸ್ಕರಿಗೆ ಪಾಲಕರನ್ನು ನೇಮಿಸಬಲ್ಲುದು. ಆದರೆ ಪಾಲಕರು ಬಂದರೂ ಹಲ್ಲುಜ್ಜುವುದು, ಚಿಲ್ಲರೆ ಎಣಿಸುವುದು, ಬಸ್ಸು ಹತ್ತುವುದು ಅವರವರೇ ಕಲಿಯಬೇಕಾದ ವಿದ್ಯೆಗಳು. ನಾವು ಇಲ್ಲಿ ಹೇಳಹೊರಟಿರುವುದು ಈ ಕಲಿಕೆಯ ವಿಚಾರವನ್ನೇ.

ಚಹ ಮಾಡುವುದನ್ನು ತೆಗೆದುಕೊಳ್ಳೋಣ. ನಮಗೆ ಅದು ಒಂದೇ ಕೆಲಸ. ಬಿಡಿಸಿ ನೋಡಿದರೆ ಪಾತ್ರೆಯನ್ನು ತೆಗೆಯುವುದು, ನೀರನ್ನು ಅಳೆಯುವುದು, ಒಲೆ ಹೊತ್ತಿಸುವುದು, ಪುಡಿ, ಸಕ್ಕರೆ, ಹಾಲು ಹಾಕುವುದು, ಕುದಿಯುವುದನ್ನು ಕಾಯುವುದು, ಒಲೆ ಆರಿಸುವುದು, ಸೋಸುವುದು ಎಂದು ಹತ್ತಾರು ಮೆಟ್ಟಿಲುಗಳು ಕಾಣುತ್ತವೆ. ಮನುಷ್ಯನ ಮನಸ್ಸು ಏಕಕಾಲಕ್ಕೆ ಹಿಡಿದಿಡಬಲ್ಲ ಸಂಗತಿಗಳು ಬಹಳ ಕೆಲವೇ. ಎಲ್ಲವನ್ನೂ ಒಮ್ಮೆಗೇ ಹೇಳಿದರೆ ಕಲಿಯುವವನು ದಿಕ್ಕೆಡುತ್ತಾನೆ.

ಹಾಗಾದರೆ ಯಾವ ಮೆಟ್ಟಿಲಿನಿಂದ ಆರಂಭಿಸಬೇಕು? ವಾಚಕರಿಗೆ ಆಶ್ಚರ್ಯವೆನಿಸಬಹುದು, ಕೊನೆಯದರಿಂದ! ಉಳಿದುದನ್ನೆಲ್ಲ ತಾಯಿಯೇ ಮಾಡಿ, ಕೊಂಚ ಆರಿದ ಚಹವನ್ನು ಸೋಸುವ ಕೆಲಸವನ್ನು ಮಾತ್ರ ಮಗನಿಗೆ ಬಿಡುತ್ತಾಳೆ. ಸೋಸಿದೊಡನೆ ಕುಡಿಯಲು ಚಹ ಸಿದ್ಧ. ಕೆಲಸದ ಬೆನ್ನಿಗೇ ಫಲ. ಫಲವು ಎಷ್ಟು ಬೇಗ ದೊರೆಯುವುದೋ ಕಲಿಕೆ ಅಷ್ಟು ಗಟ್ಟಿಯಾಗುವುದೆಂಬುದು ಸ್ಕಿನ್ನರ್ ಮೊದಲಾದ ಮನೋವಿಜ್ಞಾನಿಗಳ ಪ್ರಯೋಗಗಳಿಂದ ಸ್ಪಷ್ಟಪಟ್ಟ ಸಂಗತಿ. ಸೋಸುವುದು ಕೈಗೆ ಹತ್ತಿದ ಮೇಲೆ ಅದರ ಹಿಂದಿನದು, ಅನಂತರ ಅದಕ್ಕೂ ಹಿಂದಿನದು. ಬೆಂಕಿಯ ಮೆಟ್ಟಿಲುಗಳಲ್ಲಿ ಮಾತ್ರ ಹಿರಿಯರು ಪಕ್ಕದಲ್ಲಿರಲೇಬೇಕು.

ನೆರವನ್ನೂ ಹೀಗೆಯೇ ಮೆಲ್ಲಮೆಲ್ಲನೆ ಹಿಂತೆಗೆಯಬೇಕು. ಮೊದಲು ಕೈಹಿಡಿದು ಮಾಡಿಸುವುದು, ಬಳಿಕ ಬೆರಳಿನ ಸನ್ನೆ, ಬಳಿಕ ಒಂದು ಮಾತು, ಕಡೆಗೆ ಮೌನ. ಈ ಮೌನವೇ ಮನೆಯವರಿಗೆ ಅತಿ ಕಠಿಣ. ಮಗ ತಡಬಡಿಸಿದೊಡನೆ ತಾಯಿಯ ಕೈ ತಾನೇ ಮುಂದಾಗುತ್ತದೆ. ಅದು ಪ್ರೀತಿಯೇ ಹೌದು, ಆದರೆ ಅವನು ಕಲಿಯಬೇಕಾದ ಕ್ಷಣವನ್ನು ಅದೇ ಕಸಿದುಕೊಳ್ಳುತ್ತದೆ. ಆದುದರಿಂದ ತರಬೇತಿ ಮನೆಯವರಿಗೂ ಅಷ್ಟೇ ಅಗತ್ಯ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು ರೋಗಿಗಳ ಬಂಧುಗಳನ್ನು ಆವರಣದ ಡೇರೆಗಳಲ್ಲಿರಿಸಿ ಶುಶ್ರೂಷೆಯಲ್ಲಿ ಪಾಲ್ಗೊಳ್ಳುವಂತೆ ಮಾಡಿದರು. ಅಲ್ಲಿಯದು ಬೇರೆ ಬಗೆಯ ತೊಂದರೆಯಾದರೂ ಮನೆಯವರನ್ನು ಹೊರಗಿಡಬಾರದೆಂಬ ತತ್ತ್ವ ಒಂದೇ.

ದಿನಕ್ಕೆಷ್ಟು ಹೊತ್ತು? ಎಬ್ಬಿಂಗ್‌ಹೌಸನು ತನ್ನ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದಂತೆ, ಕಲಿತದ್ದು ಮೊದಮೊದಲು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಮರೆತುಹೋಗುತ್ತದೆ. ಭಾನುವಾರದ ಎರಡು ಗಂಟೆಗಿಂತ ನಿತ್ಯದ ಕಾಲು ಗಂಟೆಯೇ ಲೇಸು. ಗೋಡೆಯ ಕ್ಯಾಲೆಂಡರಿನಲ್ಲಿ, ಯಾವ ಮೆಟ್ಟಿಲು ನೆರವಿಲ್ಲದೆ ನಡೆಯಿತೆಂದು ದಿನವೂ ಗುರುತು ಹಾಕಬೇಕು. ಅಳತೆಯಿಲ್ಲದಿದ್ದರೆ ಒಂದು ಕೆಟ್ಟ ದಿನವೇ ತಿಂಗಳ ಪ್ರಗತಿಯನ್ನು ಮರೆಮಾಡೀತು.

ಇನ್ನೊಂದು ತೊಡಕುಂಟು. ಸ್ವಂತ ಅಡುಗೆಮನೆಯಲ್ಲಿ ಕಲಿತ ಚಹ ಹಳಿಯಾಳದ ಅತ್ತೆಯ ಮನೆಯಲ್ಲಿ ಬಾರದೆ ಹೋಗಬಹುದು. ಒಲೆ ಬೇರೆ, ಡಬ್ಬಿಗಳ ಜಾಗ ಬೇರೆ. ಆದ ಕಾರಣ ಮುಂದಿನ ಪಾಠ ಅತ್ತೆಯ ಒಲೆಯ ಮುಂದೆಯೇ ನಡೆಯತಕ್ಕದ್ದು.