ಒಗ್ಗರಣೆ–ಮಿರ್ಚಿಯ ಸೀಮೆ

ಕುಮಾರಸ್ವಾಮಿ ಲೇಔಟ್‌ನ ಸಂಜೆಯ ತಿಂಡಿಗಾಡಿಗಳಲ್ಲಿ ಪಾನಿಪುರಿ, ಗೋಬಿ ಮಂಚೂರಿಯ ಪಕ್ಕದಲ್ಲೇ ಈಗ ಮಂಡಕ್ಕಿ ಒಗ್ಗರಣೆ, ಗಿರ್ಮಿಟ್, ಮಿರ್ಚಿ ಸಿಗುತ್ತವೆ. ಶಾವಿಗೆ ಮಲ್ಲೇಶ್ವರ ಬೆಟ್ಟದ ದಯಾನಂದ ಸಾಗರ್ ಕಾಲೇಜುಗಳಿಗೆ ಓದಲು ಬರುವ ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿ ಕಡೆಯ ಮಕ್ಕಳು, ಸುತ್ತಲಿನ ಬಾಡಿಗೆ ಮನೆಗಳಲ್ಲಿ ನೆಲೆಸಿದ ನೌಕರರು, ಇವರ ನಾಲಿಗೆಯನ್ನು ನಂಬಿ ದಕ್ಷಿಣ ಬೆಂಗಳೂರಿಗೆ ಬಂದ ತಿಂಡಿ ಇದು. ಅನಂತಪುರ, ಕರ್ನೂಲಿನ ಹುಡುಗರು ಅದನ್ನೇ ಉಗ್ಗಾಣಿ–ಬಜ್ಜಿ ಎಂದು ಕೇಳುತ್ತಾರೆ. ಗಾಡಿಯಣ್ಣ ಇಬ್ಬರಿಗೂ ಬಡಿಸುವುದು ಒಂದೇ ಬಾಣಲೆಯಿಂದ.

ಇದರಲ್ಲಿ ಅಚ್ಚರಿಯೇನೂ ಇಲ್ಲ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ, ಅನಂತಪುರ, ಕರ್ನೂಲು ಮೂರೂ ಮದರಾಸು ರಾಜ್ಯಕ್ಕೇ ಸೇರಿದ್ದವು. ಅಂದು ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು ಮೊದಲಾದವು ಮೈಸೂರಿಗೆ ಬಂದವು. ಗೆರೆ ಬಿದ್ದಿತು, ಆದರೆ ಬೀಗತನ, ಸಂತೆ, ಜಾತ್ರೆ ನಿಲ್ಲಲಿಲ್ಲ. ಹೊಸಪೇಟೆಯ ಬಳಿ ಕಟ್ಟಿದ ತುಂಗಭದ್ರಾ ಜಲಾಶಯದ ಕಾಲುವೆಗಳು ಎರಡೂ ರಾಜ್ಯಗಳ ಗದ್ದೆಗಳಿಗೆ ನೀರುಣಿಸುತ್ತವೆ. ಇಂದಿಗೂ ಬಳ್ಳಾರಿಯ ಹೋಟೆಲಿನಲ್ಲಿ ಬೆಳಗಿನ ಉಪಾಹಾರಕ್ಕೆ ಒಗ್ಗರಣೆ–ಮಿರ್ಚಿ ತಿಂದು ಹೊರಟವನಿಗೆ ಗಡಿಯಾಚೆ ರಾಯದುರ್ಗದಲ್ಲೂ ಅದೇ ತಟ್ಟೆ ಸಿಗುತ್ತದೆ.

ಮಾಡುವ ಬಗೆ ಸರಳವೆಂದು ಕಂಡರೂ ಕೈಚಳಕ ಬೇಡುತ್ತದೆ. ಮಂಡಕ್ಕಿಯನ್ನು ನೀರಿಗೆ ಹಾಕಿ, ಅದು ಮೆತ್ತಗಾಗುತ್ತಿದ್ದಂತೆ ಬೊಗಸೆಯಲ್ಲಿ ಎತ್ತಿ ಹಿಂಡಬೇಕು. ತುಸು ತಡವಾದರೆ ಮುದ್ದೆ, ಬೇಗನೆ ತೆಗೆದರೆ ನಡುವೆ ಒಣಕಲು. ಇನ್ನೊಂದೆಡೆ ಎಣ್ಣೆ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಧಾರಾಳವಾಗಿ ಈರುಳ್ಳಿ, ಅರಿಶಿನ. ಹುಳಿಗೆ ಟೊಮೆಟೊ ಅಥವಾ ನಿಂಬೆ. ಹಿಂಡಿದ ಮಂಡಕ್ಕಿಯನ್ನು ಅದರಲ್ಲಿ ಹೊರಳಿಸಿ, ಇಳಿಸುವಾಗ ಹುರಿಗಡಲೆ ಪುಡಿ ಉದುರಿಸುತ್ತಾರೆ. ಮಂಡಕ್ಕಿಯಲ್ಲಿ ಉಳಿದ ತೇವವನ್ನು ಆ ಪುಡಿ ಹೀರಿಕೊಳ್ಳುತ್ತದೆ, ಪ್ರತಿ ಕಾಳಿಗೂ ಖಾರವನ್ನು ಅಂಟಿಸುತ್ತದೆ. ಪುಡಿ ಇಲ್ಲದ ಒಗ್ಗರಣೆ ನನ್ನ ಮಟ್ಟಿಗೆ ಅರ್ಧ ಅಡುಗೆ. ಪಕ್ಕಕ್ಕೆ ಮಿರ್ಚಿ: ತಿಳಿಹಸಿರಿನ ಉದ್ದ ಬಜ್ಜಿ ಮೆಣಸಿನಕಾಯಿ. ಅದನ್ನು ಸೀಳಿ ಜೀರಿಗೆ–ಉಪ್ಪು ಸವರುವವರುಂಟು, ಹಾಗೆಯೇ ಕಡಲೆಹಿಟ್ಟಿನಲ್ಲಿ ಅದ್ದಿ ಬಿಡುವವರುಂಟು.

ಧಾರವಾಡ–ಹುಬ್ಬಳ್ಳಿಯ ಗಿರ್ಮಿಟ್ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ಮಂಡಕ್ಕಿಯನ್ನು ನೆನೆಸುವುದಿಲ್ಲ. ಈರುಳ್ಳಿ, ಹುಣಸೆ, ಬೆಲ್ಲದ ಗೊಜ್ಜಿನಲ್ಲಿ ಕಲೆಸಿ, ಮೇಲೆ ಸೇವು ಉದುರಿಸಿ ಗರಿ ಮಾಸುವ ಮೊದಲೇ ಕೈಗಿಡುತ್ತಾರೆ. ರಾಯಚೂರು ಕಡೆ ಸೂಸಲ. ದಾವಣಗೆರೆಯಲ್ಲಿ ಖಾರ ಮಂಡಕ್ಕಿ, ನರ್ಗಿಸ್ ಮಂಡಕ್ಕಿ. ಹಳೆ ಬೆಂಗಳೂರಿಗರಿಗೆ ಕಡಲೆಪುರಿ, ಚುರುಮುರಿ ಬಾಲ್ಯದಿಂದಲೇ ಗೊತ್ತು.

ಮಿರ್ಚಿಗೆ ಸಿಗುವ ಹೊಗಳಿಕೆ ಮಂಡಕ್ಕಿಗೆ ಸಿಗುವುದಿಲ್ಲ. ಇದು ಅನ್ಯಾಯ. ಇಡೀ ತಿಂಡಿಯಲ್ಲಿ ಅತಿ ಕಷ್ಟದ ಕೆಲಸ ಗಾಡಿಗೆ ಬರುವ ಮೊದಲೇ, ಮಂಡಕ್ಕಿ ಭಟ್ಟಿಯಲ್ಲಿ ಮುಗಿದಿರುತ್ತದೆ. ಈ ಭಟ್ಟಿಗಳಿಗೆ ದಾವಣಗೆರೆ ಹೆಸರಾದ ಊರು. ಅಲ್ಲಿ ಒಂದು ಬಡಾವಣೆಯನ್ನೇ ಮಂಡಕ್ಕಿ ಭಟ್ಟಿ ಎಂದು ಕರೆಯುತ್ತಾರೆ. ಈ ಕಸುಬಿನಲ್ಲಿರುವವರಲ್ಲಿ ಮುಸ್ಲಿಂ ಕುಟುಂಬಗಳೇ ಹೆಚ್ಚು, ಮನೆಯ ಹೆಂಗಸರೂ ದುಡಿಯುತ್ತಾರೆ. ಭದ್ರಾ ಕಾಲುವೆಯ ಗದ್ದೆಗಳು ಹತ್ತಿರ ಇರುವುದರಿಂದ ಭತ್ತಕ್ಕೆ ಕೊರತೆಯಿಲ್ಲ. ಭತ್ತವನ್ನು ನೆನೆಸಿ, ಶಾಖ ಕೊಟ್ಟು, ಒಣಗಿಸಿ, ಹೊಟ್ಟು ತೆಗೆಸುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಬೆರೆಸಿ ಇನ್ನೊಮ್ಮೆ ಹದವಾಗಿ ಬಿಸಿ ಮಾಡುತ್ತಾರೆ. ಕೊನೆಗೆ ಕಡುಕಾದ ಮರಳಿರುವ ಬಾಣಲೆಗೆ ಹಿಡಿಹಿಡಿಯಾಗಿ ಸುರಿದರೆ, ಕಾಳಿನೊಳಗೆ ಉಳಿದಿದ್ದ ತುಸು ತೇವ ಒಮ್ಮೆಲೇ ಆವಿಯಾಗಿ ಅಕ್ಕಿಯನ್ನು ಅರಳಿಸುತ್ತದೆ. ನೆನೆಸಿ ಬಿಸಿಯುಣಿಸದ ಹಸಿ ಅಕ್ಕಿಯನ್ನು ಅದೇ ಮರಳಿಗೆ ಹಾಕಿದರೆ ಹೀಗೆ ಅರಳುವುದಿಲ್ಲ. ತೇವ ಹೆಚ್ಚಾದರೂ ಕಡಿಮೆಯಾದರೂ ಮೂಟೆಗೆ ಮೂಟೆಯೇ ಹಾಳು. ಆ ಹದವನ್ನು ಅಳೆಯುವುದು ಬರಿಗೈ, ಬರಿಗಣ್ಣು. ಕ್ಷಣ ಮಾತ್ರದಲ್ಲಿ ಜರಡಿಗೆ ತೆಗೆದು ಮರಳು ಜಾಡಿಸಬೇಕು. ಒಲೆಯ ಝಳ, ಹೊಗೆ, ದೂಳಿನ ನಡುವೆ ದಿನವಿಡೀ ನಿಲ್ಲುವ ಈ ದುಡಿಮೆಗೆ ಸಿಗುವ ಕೂಲಿ ಹೆಚ್ಚಲ್ಲ. ಮಂಡಕ್ಕಿಯಷ್ಟು ಅಗ್ಗದ ತಿನಿಸು ಇನ್ನೊಂದಿಲ್ಲ ಎಂದು ನಾವು ಹಿಗ್ಗುವಾಗ ಆ ಅಗ್ಗದ ಹೊರೆ ಹೊತ್ತವರು ಯಾರೆಂದು ಕೇಳಲೇಬೇಕು.

ಗೆರೆಯ ಎರಡೂ ಕಡೆ ಒಂದೇ ತಿಂಡಿ, ಹೆಸರು ಮಾತ್ರ ಬೇರೆ: ಗಡಿಸೀಮೆಯ ಬೀದಿತಿಂಡಿಗಳ ಕಥೆ ಎಲ್ಲೆಡೆ ಹೀಗೆಯೇ ಇರುವಂತಿದೆ. ಥಾಯ್ಲೆಂಡ್–ಕಾಂಬೋಡಿಯಾ ಗಡಿಯಲ್ಲಿ, ಥಾಯ್ಲೆಂಡಿನ ಸುರಿನ್ ಮುಂತಾದ ಪ್ರಾಂತ್ಯಗಳ ಮನೆಗಳಲ್ಲಿ ಇಂದಿಗೂ ಖ್ಮೇರ್ ಮಾತಾಡುತ್ತಾರೆ. ಅಂಟಕ್ಕಿ, ತೆಂಗಿನ ಹಾಲು, ಕಾಳುಗಳನ್ನು ಬಿದಿರಿನ ಕೊಳವೆಯಲ್ಲಿ ತುಂಬಿ ಕೆಂಡದಲ್ಲಿ ಸುಡುವ ತಿನಿಸನ್ನು ಕಾಂಬೋಡಿಯಾದವರು ಕ್ರಲಾನ್ ಎಂದು, ಥಾಯ್ಲೆಂಡಿನವರು ಖಾವ್ ಲಾಮ್ ಎಂದು ಮಾರುತ್ತಾರೆ. ಕಾಂಬೋಡಿಯಾದ ಪೊಯ್ಪೆಟ್‌ಗೆ ಎದುರಾಗಿರುವ ಥಾಯ್ ಪಟ್ಟಣ ಅರಣ್ಯಪ್ರಥೇತ್‌ನ ರೊಂಗ್ ಕ್ಲುವಾ ಮಾರುಕಟ್ಟೆ ಗಡಿ ದಾಟಿ ಬರುವ ಖ್ಮೇರ್ ವ್ಯಾಪಾರಿಗಳಿಂದಲೇ ಬೆಳೆದದ್ದು. 2025ರಲ್ಲಿ ಎರಡು ದೇಶಗಳ ಸೈನ್ಯಗಳು ಕಾದಾಡಿದಾಗ ಗಡಿಬಾಗಿಲುಗಳು ಮುಚ್ಚಿದವು, ಅಂಥ ಸಂತೆಗಳ ಹೊಟ್ಟೆಗೆ ಪೆಟ್ಟು ಬಿತ್ತು. ರಾಯದುರ್ಗಕ್ಕೂ ಬಳ್ಳಾರಿಗೂ ನಡುವೆ ಅಂಥ ಬಾಗಿಲೇ ಇಲ್ಲದಿರುವುದು ನಮ್ಮ ಪುಣ್ಯ.

ಬೆಂಗಳೂರಿನಲ್ಲಿ ಪುರಿಗೆ, ಅಂದರೆ ಮಂಡಕ್ಕಿಗೆ, ದೊಡ್ಡ ದಿನವೆಂದರೆ ಆಯುಧಪೂಜೆ. ಬಾಳೆಕಂದು, ಬೂದುಗುಂಬಳದ ಜೊತೆ ಪುರಿಯ ರಾಶಿಗಳು ಪಾದಚಾರಿ ಮಾರ್ಗಕ್ಕಿಳಿಯುತ್ತವೆ. ತಕ್ಕಡಿಯ ಬದಲು ಸೇರಿನಲ್ಲಿ ಅಳೆದು ಕೊಡುತ್ತಾರೆ. ಆದರೆ ಒಗ್ಗರಣೆ ಮಾಡಲು ಹಬ್ಬಕ್ಕಾಗಿ ಕಾಯಬೇಕಿಲ್ಲ. ಕುಮಾರಸ್ವಾಮಿ ಲೇಔಟ್‌ನವರಿಗೆ ಸಾರಕ್ಕಿ ಮಾರುಕಟ್ಟೆ ಹತ್ತಿರವೇ ಇದೆ, ಬೆಳಗ್ಗೆ ಹೋದರೆ ಈರುಳ್ಳಿ, ಕೊತ್ತಂಬರಿ, ಬಜ್ಜಿ ಮೆಣಸಿನಕಾಯಿ ತಾಜಾ ಸಿಗುತ್ತವೆ. ಮಂಡಕ್ಕಿ ಕೊಳ್ಳುವಾಗ ನಾಲ್ಕು ಕಾಳು ಬಾಯಿಗೆ ಹಾಕಿ ನೋಡಿ: ಗರಿಗರಿಯಾಗಿರಬೇಕು, ಉಪ್ಪು ಹಿತವಾಗಿರಬೇಕು, ಮರಳು ಹಲ್ಲಿಗೆ ಸಿಗಬಾರದು. ಎಲ್ಲಿಯ ಭಟ್ಟಿಯದೆಂದು ಅಂಗಡಿಯವರನ್ನು ಕೇಳಿ. ಮನೆಯಲ್ಲಿ ಮಾಡುವಾಗ ಮೊದಲು ಮಿರ್ಚಿ ಕರಿದಿಟ್ಟುಕೊಂಡು, ತಟ್ಟೆ ಹಾಕಿ ಎಲ್ಲರನ್ನೂ ಕೂರಿಸಿದ ಮೇಲೆ ಮಂಡಕ್ಕಿಯನ್ನು ನೀರಿಗೆ ಹಾಕಿ.