ಎದೆ ಹಾರಿದರೆ ತಾಕತ್ತಿನ ಗುಳಿಗೆ ಸಾಕೇ?

“ಎದಿ ಡವಡವ ಹಾರತೈತ್ರಿ, ನಿಶ್ಶಕ್ತಿ ಆಗೇತಿ. ಒಂದು ತಾಕತ್ತಿನ ಗುಳಿಗಿ ಕೊಡ್ರಿ.” ಸಿಂಧನೂರು, ಲಿಂಗಸುಗೂರು, ಮಸ್ಕಿಯ ಔಷಧಿ ಅಂಗಡಿಗಳಲ್ಲಿ ಹಿರಿಯರು ಕೇಳುವುದು ಹೀಗೆಯೇ. ಹಬ್ಬಕ್ಕೆ ಬಂದ ಮಗ ಬೆಂಗಳೂರಿನಿಂದ ಮೀನೆಣ್ಣೆ ಕ್ಯಾಪ್ಸೂಲಿನ ಡಬ್ಬಿಯನ್ನೂ ತಂದಿಟ್ಟಿರುತ್ತಾನೆ. ಹೆತ್ತವರ ಮೇಲಿನ ಕಾಳಜಿ ಅದು, ನಿಜ. ಆದರೆ ಎದೆಬಡಿತ ತಾಳ ತಪ್ಪುವುದನ್ನು ಆ ಡಬ್ಬಿ ತಡೆಯುವುದಿಲ್ಲ.

ತಪ್ಪು ಕಲ್ಪನೆ: ಮೀನೆಣ್ಣೆ, ವಿಟಮಿನ್ ಡಿ ನುಂಗಿದರೆ ಇಳಿವಯಸ್ಸಿನಲ್ಲಿ ಎದೆಬಡಿತ ಹದವಾಗಿರುತ್ತದೆ.

ಸತ್ಯ: ಇದನ್ನು ಅಮೆರಿಕದಲ್ಲಿ 25,119 ಜನರ ಮೇಲೆ ಪರೀಕ್ಷಿಸಿದ್ದಾರೆ. ಗಂಡಸರು 50, ಹೆಂಗಸರು 55 ದಾಟಿದವರು. ಕೆಲವರಿಗೆ ದಿನಕ್ಕೆ 2,000 ಐಯು ವಿಟಮಿನ್ ಡಿ, ಕೆಲವರಿಗೆ ಮೀನೆಣ್ಣೆಯ 840 ಮಿಲಿಗ್ರಾಂ ಒಮೆಗಾ-3, ಕೆಲವರಿಗೆ ಎರಡೂ, ಉಳಿದವರಿಗೆ ಮದ್ದಿಲ್ಲದ ಗುಳಿಗೆ. ಐದು ವರ್ಷಕ್ಕೂ ಮಿಕ್ಕಿ ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು: ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ಲಯಗೆಟ್ಟು ಅದುರುವ ಕಾಯಿಲೆ, ಯಾವ ಗುಂಪಿನಲ್ಲೂ ಕಡಿಮೆಯಾಗಲಿಲ್ಲ. ಅದೇ ವರ್ಷ ಇಂಥ ಏಳು ಅಧ್ಯಯನಗಳ 81,000ಕ್ಕೂ ಹೆಚ್ಚು ಜನರ ಲೆಕ್ಕ ಕೂಡಿಸಿ ನೋಡಿದಾಗ, ಮೀನೆಣ್ಣೆ ಸೇವಿಸಿದವರಲ್ಲೇ ಈ ಕಾಯಿಲೆ ಹೆಚ್ಚಿತ್ತು. ದಿನಕ್ಕೆ ಒಂದು ಗ್ರಾಂ ಒಮೆಗಾ-3 ಮೀರಿದವರಲ್ಲಿ ಇನ್ನೂ ಹೆಚ್ಚು.

ಹಾಗಾದರೆ ಎಲ್ಲ ಗುಳಿಗೆಯೂ ವ್ಯರ್ಥವೇ? ಅಲ್ಲ. ವಾಂತಿಭೇದಿಯಿಂದ, ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆಯಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದರೆ ಬಡಿತ ನಿಜಕ್ಕೂ ತಪ್ಪುತ್ತದೆ, ಆಗ ತುಂಬಿಕೊಡಲೇಬೇಕು. ಆದರೆ ರಕ್ತ ಪರೀಕ್ಷೆಯಾದ ಮೇಲೆ. ಮೂತ್ರಪಿಂಡ ಸೋತವರಿಗೆ ಹೆಚ್ಚುವರಿ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಲ್ಲದು. ವಾರಕ್ಕೊಂದು ಎಂದು ಬರೆದುಕೊಟ್ಟ 60,000 ಐಯು ವಿಟಮಿನ್ ಡಿಯನ್ನು ದಿನವೂ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬೇರೆಯೇ ಗಂಡಾಂತರ.

ನನ್ನನ್ನು ಹೆಚ್ಚು ಕಾಡುವುದು ಗುಳಿಗೆಯ ಖರ್ಚಲ್ಲ, ಅದರ ನೆಚ್ಚಿಕೆಯಲ್ಲಿ ಕಳೆದುಹೋಗುವ ತಿಂಗಳುಗಳು. ಬಡಿತ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ ಇರುವವರಿಗೆ ಆ ಅಪಾಯ ಸುಮಾರು ಐದು ಪಟ್ಟು. ಅದನ್ನು ತಗ್ಗಿಸುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ, ಟಾನಿಕ್ ಅಲ್ಲ. ಆ ಔಷಧಿಯ ಜೊತೆ ಮೀನೆಣ್ಣೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಡಬ್ಬಿ ತೋರಿಸಿ, ರಕ್ತಸ್ರಾವ ಹೆಚ್ಚಬಹುದು.

ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಒಂದು ನಿಮಿಷ ಪೂರ್ತಿ ನಾಡಿ ನೋಡಿ. ಒಂದು ಬಡಿತಕ್ಕೂ ಇನ್ನೊಂದಕ್ಕೂ ಅಂತರ ಹೊಂದದಿದ್ದರೆ ತಾಲೂಕು ದವಾಖಾನೆಗೆ ಹೋಗಿ ಇಸಿಜಿ ಮಾಡಿಸಿ. ಎದೆ ಹಾರುತ್ತಿರುವಾಗಲೇ ಹೊರಡಿ. ನಿಂತ ಮೇಲೆ ತೆಗೆದ ಇಸಿಜಿಯಲ್ಲಿ ಏನೂ ಕಾಣದಿರಬಹುದು.