ಒಲೆಯಿಲ್ಲದೆ ಕುದಿಯುವ ಸುಣ್ಣ

ಮುಂಗಾರು ಹಿಡಿಯುವ ಹೊತ್ತಿಗೆ ಅರಂತೋಡಿನ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ಸಿದ್ಧತೆ ನಡೆಯುತ್ತದೆ. ಮೈಲುತುತ್ತ, ಸುಣ್ಣ ಮತ್ತು ನೀರು ಸೇರಿದ ಬೋರ್ಡೋ ದ್ರಾವಣ ಕೊಳೆರೋಗವನ್ನು ತಡೆಯುತ್ತದೆ. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಅಭ್ಯಸಿಸಿ ಇದೇ ದ್ರಾವಣದ ಸಿಂಪಡಣೆಯನ್ನು ರೈತರಿಗೆ ತಿಳಿಸಿಕೊಟ್ಟರು.

ದ್ರಾವಣ ತಯಾರಿಸುವಾಗ ನೀವೂ ನೋಡಿರಬಹುದು. ಸುಟ್ಟ ಸುಣ್ಣಕ್ಕೆ ನೀರು ತಗಲಿದೊಡನೆ ಅದು ಬಿರಿದು, ಹಬೆ ಎದ್ದು, ಕೊತಕೊತನೆ ಕುದಿಯುತ್ತದೆ. ಬೆಂಕಿಯೇ ಇಲ್ಲದೆ ಈ ಬಿಸಿ ಬಂದದ್ದೆಲ್ಲಿಂದ?

ಉತ್ತರ ಸುಣ್ಣದ ಗೂಡಿನಲ್ಲಿದೆ. ಕಪ್ಪೆಚಿಪ್ಪನ್ನೋ ಸುಣ್ಣಕಲ್ಲನ್ನೋ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಬೇರ್ಪಟ್ಟು ಹೋಗುತ್ತದೆ. ಪರಮಾಣುಗಳ ನಂಟು ಬಿಡಿಸಲು ಶಕ್ತಿ ಬೇಕು. ಹೊಸ ನಂಟು ಬೆಸೆಯುವಾಗ ಶಕ್ತಿ ಹೊರಬೀಳುತ್ತದೆ. ಗೂಡಿನಲ್ಲಿ ಪಡೆಯುವುದಕ್ಕಿಂತ ಕೊಡಬೇಕಾದದ್ದೇ ಹೆಚ್ಚು. ಶಾಖವನ್ನು ಹೀರುವ ಇಂಥ ಕ್ರಿಯೆಯೇ ಅಂತರುಷ್ಣಕ. ಸುಟ್ಟ ಸುಣ್ಣ ನೀರಿನೊಡನೆ ಕೂಡುವಾಗ ಲೆಕ್ಕ ತಿರುಗುತ್ತದೆ, ಶಾಖ ಹೊರಬರುತ್ತದೆ, ಇದು ಬಹಿರುಷ್ಣಕ. ಒಂದು ಕಿಲೋ ಶುದ್ಧ ಸುಣ್ಣದಿಂದ ಬರುವ ಶಾಖಕ್ಕೆ ಸುಮಾರು 3 ಲೀಟರ್ ತಣ್ಣೀರನ್ನು ಕುದಿಸುವಷ್ಟು ಬಲವಿದೆ. ಆದರೂ ಇದು ಗೂಡಿನಲ್ಲಿ ಹೀರಿದ ಶಾಖದ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಉಳಿದದ್ದು? ಗೋಡೆಗೆ ಬಳಿದ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮರಳಿ ಪಡೆದು ಗಟ್ಟಿಯಾಗುವಾಗ ಮೆಲ್ಲಮೆಲ್ಲನೆ ಹೊರಬರುತ್ತದೆ. ತೀರ ನಿಧಾನವಾದ್ದರಿಂದ ಕೈಗೆ ತಿಳಿಯದು.

ತಂಪಿನ ಅನುಭವ ಬೇಕಿದ್ದರೆ ಒಂದು ಹಿಡಿ ಯೂರಿಯಾವನ್ನು ಚೊಂಬು ನೀರಿಗೆ ಹಾಕಿ ಕಲಕಿ. ಚೊಂಬು ತಣ್ಣಗಾಗುತ್ತದೆ. (ಕರಗುವುದನ್ನು ರಾಸಾಯನಿಕ ಕ್ರಿಯೆ ಎನ್ನಬೇಕೇ ಎಂದು ಮೇಷ್ಟ್ರುಗಳು ವಾದಿಸಬಹುದು, ಶಾಖದ ಲೆಕ್ಕ ಮಾತ್ರ ಅದೇ.) ಮೈಲುತುತ್ತದ ಹರಳೂ ಕರಗುವಾಗ ಶಾಖ ಹೀರುತ್ತದೆ, ಆದರೆ ಅಲ್ಪ.

ಕೃಷಿಕರಿಗೆ ಈ ಬಿಸಿಯೊಂದು ಪರೀಕ್ಷೆಯೂ ಹೌದು. ಸುಟ್ಟ ಸುಣ್ಣವೆಂದು ಕೊಂಡದ್ದು ನೀರಿಗೆ ಬಿದ್ದರೂ ಬಿಸಿಯಾಗದಿದ್ದರೆ, ಅದು ಗಾಳಿಯ ತೇವವನ್ನು ಕುಡಿದು ಆಗಲೇ ಹಳತಾಗಿದೆ. ನೀರು ಹಾಕಿ ಅರಳಿಸಿದ ಸುಣ್ಣದ ಪುಡಿಯ ಮಾತು ಬೇರೆ, ಅದು ಬಿಸಿಯಾಗಬೇಕಾಗಿಲ್ಲ. 100 ಲೀಟರ್ ನೀರಿಗೆ ತಲಾ ಒಂದು ಕಿಲೋ ತುತ್ತ, ಸುಣ್ಣ ಎಂಬ ಲೆಕ್ಕ ನಿಮಗೆ ಗೊತ್ತು. ಆದರೆ ಸುಣ್ಣದ ನೀರು ಪೂರ್ತಿ ಆರುವ ತನಕ ತುತ್ತದ ನೀರನ್ನು ಸೇರಿಸಬೇಡಿ. ಬಿಸಿಯಲ್ಲಿ ಬೆರೆಸಿದರೆ ತಾಮ್ರದ ನೀಲಿ ಗಸಿ ಕಪ್ಪಾಗಿ ಒರಟಾಗುತ್ತದೆ, ಗೊನೆಗೆ ಸರಿಯಾಗಿ ಅಂಟುವುದಿಲ್ಲ. ಮದ್ದೂ ಕೂಲಿಯೂ ಮಳೆಯಲ್ಲಿ ಹೋದಂತೆಯೇ.

ಇನ್ನೊಂದು ಮಾತು. ಅಗಲಬಾಯಿಯ ಪಾತ್ರೆಯಲ್ಲಿ ಧಾರಾಳ ನೀರಿಟ್ಟು ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಪಾತ್ರೆಗೆ ಮುಚ್ಚಳ ಬಿಗಿಯಬೇಡಿ, ಮೇಲೆ ಬಗ್ಗಿ ನೋಡಬೇಡಿ, ಮಕ್ಕಳನ್ನು ದೂರವಿಡಿ. ಕಣ್ಣಿಗೆ ಸಿಡಿದರೆ ಉಜ್ಜದೆ, ಕನಿಷ್ಠ 20 ನಿಮಿಷ ಶುದ್ಧ ನೀರನ್ನು ಹರಿಯಬಿಟ್ಟು ತೊಳೆದು, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ.